ವಿಶ್ರಾಂತಿ ಕೋಣೆಯಲ್ಲಿ ಕೊಟ್ಟ ಪರೀಕ್ಷೆ

ನಾನು ಮಾತಾಡುವವಳು. ಊರಿನಲ್ಲಿ ಇದನ್ನು ಚುರುಕುತನ ಎನ್ನುತ್ತಿದ್ದರು. ಮದುವೆಯಾದ ಮೇಲೆ ಗಂಡ ಇದಕ್ಕೆ ಬೇರೆ ಬೇರೆ ಹೆಸರು ಇಟ್ಟು ನೋಡಿದ. ಕತಾರಿಗೆ ಬಂದು ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧದ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿ ನಿಂತ ಮೇಲೆ ಆ ಗುಣವೇ ಕಸುಬಾಯಿತು. ಸಂಜೆ ಕಂಪನಿ ಬಸ್ಸುಗಳು ಬಂದು ನಿಂತವೆಂದರೆ ಕೌಂಟರಿನ ಮುಂದೆ ಒಮ್ಮೆಲೇ ಸಾಲು. ಒಬ್ಬಾತ ಸೊಂಟದ ಮೇಲೆ ಕೈಯಿಟ್ಟು ಬಾಯಿ ತೆರೆಯುವಷ್ಟರಲ್ಲಿ ನಾನೇ ಹಿಂದಿಯಲ್ಲಿ, ಭಾರ ಎತ್ತಿದ್ದಲ್ಲವೇ, ನಿನ್ನೆಯಿಂದಲ್ಲವೇ, ಬಗ್ಗಿದರೆ ಜಾಸ್ತಿಯಲ್ಲವೇ ಎಂದು ಅವನ ಪಾಲಿನ ಮಾತನ್ನೂ ಆಡಿ ಮುಗಿಸಿ, ಮುಲಾಮು ಕೊಟ್ಟು, ಯಲ್ಲಾ ಎಂದು ಮುಂದಿನವನನ್ನು ಕರೆಯುತ್ತಿದ್ದೆ. ಅವರಿಗೂ ಇದು ಹಿತವಾಗಿತ್ತು. ಸೈಟಿನಿಂದ ದಣಿದು ಬಂದವರಿಗೆ ತಮ್ಮ ನೋವನ್ನು ಬೇರೆಯವರೇ ವಿವರಿಸಿಬಿಟ್ಟರೆ ಅಷ್ಟು ಶ್ರಮ ಉಳಿಯಿತು.

ಆದರೆ ನನಗೆ ಬೇಕಾಗಿದ್ದದ್ದು ಬೇರೆ. ಜೊತೆಗೆ ಓದಿದವರು ಒಬ್ಬೊಬ್ಬರಾಗಿ ಆಸ್ಪತ್ರೆ ಸೇರಿದ್ದರು. ವಾರ್ಡಿನಲ್ಲಿ ವೈದ್ಯರ ಜೊತೆ ಓಡಾಡುತ್ತಾರಂತೆ, ಈ ರೋಗಿಗೆ ಈ ಮಾತ್ರೆ ಬೇಡ ಎಂದರೆ ವೈದ್ಯರು ನಿಂತು ಕೇಳುತ್ತಾರಂತೆ. ನಾನು ಹೇಳಿದ್ದನ್ನು ನಿಂತು ಕೇಳುವವರು ಯಾರೂ ಇರಲಿಲ್ಲ; ನನ್ನ ಹತ್ತಿರ ಹೆಚ್ಚು ಖರ್ಚಾಗುತ್ತಿದ್ದದ್ದು ಮುಲಾಮು, ಓಆರ್‌ಎಸ್ ಮತ್ತು ಶಾಂಪೂ. ಆಸ್ಪತ್ರೆಯ ಫಾರ್ಮಸಿಸ್ಟ್ ಆಗಲು ಇರುವ ದಾರಿ ರೆಸಿಡೆನ್ಸಿ ಎಂಬ ತರಬೇತಿ. ಅದಕ್ಕೆ ಸೀಟು ಬೆರಳೆಣಿಕೆಯಷ್ಟು, ಅರ್ಜಿ ಹಾಕುವವರು ಬಸ್ಸು ತುಂಬುವಷ್ಟು. ನಡುವೆ ಇರುವ ಬಾಗಿಲಿನ ಹೆಸರು ಇಂಟರ್‌ವ್ಯೂ. ಆ ಬಾಗಿಲಿಗೆ ನಾನು ಮೂರು ಸಲ ತಲೆ ಚಚ್ಚಿಕೊಂಡೆ, ಮೂರು ಸಲವೂ ಬೇರೆ ಬೇರೆ ನಮೂನೆಯಲ್ಲಿ.

ಮೊದಲ ಸಲದ್ದು ಮನುಷ್ಯರೇ ಇಲ್ಲದ ಇಂಟರ್‌ವ್ಯೂ. ಲ್ಯಾಪ್‌ಟಾಪಿನ ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಯೋಚಿಸಲು ಸ್ವಲ್ಪ ಹೊತ್ತು, ಆಮೇಲೆ ಒಂದು ಕೆಂಪು ಚುಕ್ಕೆ ಮಿನುಗತೊಡಗಿದರೆ ಎರಡು ನಿಮಿಷ ಮಾತಾಡಬೇಕು. ಕೇಳುವವರು ಯಾವತ್ತೋ, ಎಲ್ಲೋ ಕೂತು ನೋಡುತ್ತಾರೆ. ನಮ್ಮ ಫ್ಲಾಟ್ ಇದ್ದದ್ದು ಅಲ್ ರಯ್ಯಾನಿನಲ್ಲಿ. ಆ ವಾರ ಮೇಲಿನ ಮನೆಯಲ್ಲಿ ಟೈಲ್ಸ್ ಒಡೆಯುವ ಕೆಲಸ ನಡೆದಿತ್ತು. ಹಾಗಾಗಿ ಕಟ್ಟಡದ ಕೆಳಗೆ ಕಾರಿನಲ್ಲಿ ಎಸಿ ಹಾಕಿಕೊಂಡು, ಸ್ಟೀರಿಂಗಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ.

ಮಾತಾಡುವವಳಿಗೆ ಎರಡು ನಿಮಿಷ ಯಾವ ಲೆಕ್ಕ ಎಂದುಕೊಂಡಿದ್ದೆ. ಎದುರಿಗೆ ಮುಖವಿಲ್ಲದಿದ್ದರೆ ನನ್ನ ನಾಲಿಗೆ ಓಡುವುದಿಲ್ಲ ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮುಖ ಇತ್ತು, ಮೂಲೆಯಲ್ಲಿ, ನನ್ನದೇ. ಅದನ್ನು ನೋಡುತ್ತಾ ಒಂದು ಹುಬ್ಬು ಇನ್ನೊಂದಕ್ಕಿಂತ ಮೇಲಿದೆ ಎಂದು ಕಂಡುಹಿಡಿದೆ. ನೀವೇಕೆ ಈ ತರಬೇತಿಗೆ ಬರಬೇಕೆಂದಿದ್ದೀರಿ ಎಂಬ ಪ್ರಶ್ನೆಗೆ ಇದ್ದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದರೆ ಅರ್ಧಕ್ಕಿಂತ ಹೆಚ್ಚು ಸಮಯ ಇನ್ನೂ ಬಾಕಿ. ಚುಕ್ಕೆ ಮಿನುಗುತ್ತಲೇ ಇದೆ. ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ತಿಳಿಯದೆ ಕ್ಯಾಮೆರಾ ನೋಡಿ ನಗುತ್ತಾ ಕೂತೆ. ನಗು ಮುಗಿಯಿತು, ಸಮಯ ಮುಗಿಯಲಿಲ್ಲ. ಕೊನೆಗೆ ಬಾಯಿ ತಾನಾಗಿ ತನಗೆ ಗೊತ್ತಿದ್ದದ್ದನ್ನು ಹೇಳಿತು: ಥ್ಯಾಂಕ್ಯೂ, ಬೇರೆ ಏನಾದರೂ ಬೇಕಾ? ಆಯ್ಕೆ ಸಮಿತಿಯವರು ಅದನ್ನು ನೋಡಿ ಏನೂ ಬೇಡ ಎಂದುಕೊಂಡಿರಬೇಕು. ವಿಷಾದದ ಈಮೇಲ್ ಬಂತು.

ಮರುವರ್ಷದ್ದು ಆನ್‌ಲೈನ್ ಪ್ಯಾನೆಲ್. ಈ ಸಲ ಮುಖಗಳಿದ್ದವು, ಐದು ಚೌಕಗಳಲ್ಲಿ ಐದು. ಪ್ರಶ್ನೆ ಕೇಳಿದವರು ಒಬ್ಬರಾದರೆ ನಾನು ಉತ್ತರ ಕೊಡುತ್ತಿದ್ದದ್ದು ತಲೆಯಾಡಿಸುತ್ತಿದ್ದ ಇನ್ನೊಬ್ಬರಿಗೆ. ಅವರು ಫೋನಿನಲ್ಲಿ ಬೇರೆ ಯಾರಿಗೋ ತಲೆಯಾಡಿಸುತ್ತಿದ್ದರು ಎಂದು ತಡವಾಗಿ ತಿಳಿಯಿತು. ಆದರೆ ನನ್ನನ್ನು ಮುಳುಗಿಸಿದ್ದು ಒಂದೇ ಪ್ರಶ್ನೆ. ಸಹೋದ್ಯೋಗಿಯೊಬ್ಬರೊಡನೆ ಭಿನ್ನಾಭಿಪ್ರಾಯ ಬಂದಾಗ ಹೇಗೆ ನಿಭಾಯಿಸಿದಿರಿ?

ನನಗೆ ಸಹೋದ್ಯೋಗಿಯೇ ಇರಲಿಲ್ಲ. ನನ್ನ ಪಾಳಿಯಲ್ಲಿ ಅಂಗಡಿಗೆಲ್ಲ ನಾನೊಬ್ಬಳೇ. ಹಾಗೆಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅಭ್ಯರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ, ಯಾವ ಪ್ರಶ್ನೆಗೂ ಇಲ್ಲ ಎನ್ನಬಾರದು ಎಂದು ಯಾರೋ ಬರೆದಿದ್ದರು. ನಿಂತ ನಿಲುವಿನಲ್ಲಿ ಒಬ್ಬ ಸಹೋದ್ಯೋಗಿಯನ್ನು ಹುಟ್ಟಿಸಿದೆ. ಪಾಪ, ಅವನು ಔಷಧದ ಅವಧಿ ಮುಗಿಯುವ ತಾರೀಖು ಸರಿಯಾಗಿ ನೋಡುತ್ತಿರಲಿಲ್ಲ. ನಾನು ಅವನನ್ನು ಪಕ್ಕಕ್ಕೆ ಕರೆದು ಶಾಂತವಾಗಿ ಮಾತಾಡಿದೆ. ಪ್ಯಾನೆಲ್ಲಿಗೆ ಅವನ ಮೇಲೆ ಆಸಕ್ತಿ ಹುಟ್ಟಿತು. ಆಮೇಲೆ ಅವನೇನಂದ ಎಂದು ಕೇಳಿದರು, ಸಿಟ್ಟು ಮಾಡಿಕೊಂಡ ಎಂದೆ. ನೀವು ಮೇಲಿನವರಿಗೆ ತಿಳಿಸಿದಿರಾ ಎಂದರು. ಅವನಿಗೆ ಇಬ್ಬರು ಮಕ್ಕಳು, ಹಾಗಾಗಿ ತಿಳಿಸಲಿಲ್ಲ ಎಂದೆ. ಅಂದರೆ ತಪ್ಪನ್ನು ಮುಚ್ಚಿಟ್ಟಿರಾ ಎಂದರು. ಗಾಬರಿಯಾಗಿ ಅವನನ್ನು ಉಮ್ಮ್ ಸಲಾಲಿನಲ್ಲಿ ಇಲ್ಲದ ಒಂದು ಶಾಖೆಗೆ ವರ್ಗ ಮಾಡಿಸಿದೆ. ಕೊನೆಗೆ ತಲೆಯಾಡಿಸುತ್ತಿದ್ದವರೇ ಕೇಳಿದರು, ಈಗ ಆತನಿಗೆ ಫೋನ್ ಮಾಡಿದರೆ ನಿಮ್ಮ ಬಗ್ಗೆ ಏನು ಹೇಳಿಯಾರು? ಆತನ ಬಳಿ ಫೋನಿಲ್ಲ ಎಂದೆ.

ಎರಡನೆಯ ವಿಷಾದದ ಈಮೇಲ್ ಬಂದ ದಿನ ಕಾರಿನಲ್ಲಿ ಕೂತು ಅತ್ತೆ. ಗಂಡ ಗೋದಾಮೊಂದರಲ್ಲಿ ಸೂಪರ್‌ವೈಸರ್. ಸಮಾಧಾನ ಹೇಳುವುದರಲ್ಲೂ ಸರಕು ಇಳಿಸುವ ಧಾಟಿ ಅವನದು. ಬಿಡು, ಖಲಾಸ್ ಅಂದ. ಅಷ್ಟು ಹೊತ್ತಿಗೆ ಅಂಗಡಿಯ ಯಜಮಾನರು ಉಮ್ಮ್ ಸಲಾಲಿನಲ್ಲಿ ನಿಜವಾಗಿಯೂ ಒಂದು ಹೊಸ ಶಾಖೆ ತೆರೆಯುವುದರಲ್ಲಿದ್ದರು. ಅವರು ನಮ್ಮ ಕರಾವಳಿಯ ಬ್ಯಾರಿ ಹಿರಿಯರು, ನನ್ನನ್ನು ಮಗಳಂತೆ ಕಂಡವರು. ಶಾಖೆಯನ್ನು ನೀನೇ ನೋಡಿಕೊ, ಪರೀಕ್ಷೆಗಿರೀಕ್ಷೆ ಇನ್ನೊಂದು ಸಲ ಬೇಕಾದರೆ ಬರೆ, ಆಮೇಲೆ ನನಗೆ ಖಚಿತವಾಗಿ ಹೇಳು ಎಂದಿದ್ದರು. ಒಳ್ಳೆಯ ಕೆಲಸ, ಒಳ್ಳೆಯ ಜನ. ಒಪ್ಪಿಕೊಂಡರೆ ಮತ್ತೆ ಆಸ್ಪತ್ರೆಯ ಕಡೆ ತಿರುಗಿ ನೋಡುವಂತಿಲ್ಲ, ಅಷ್ಟೇ. ಮೂರನೆಯ ಸಲವೇ ಕೊನೆಯ ಸಲ ಎಂದು ಗಂಡನಿಗೂ ಅವರಿಗೂ ಮಾತು ಕೊಟ್ಟೆ.

ಮೂರನೆಯ ವರ್ಷ ನಮೂನೆ ಮತ್ತೆ ಬದಲಾಗಿತ್ತು. ಈ ಸಲ ಆಸ್ಪತ್ರೆಗೇ ಬರಬೇಕು. ಸಾಲಾಗಿ ಕೋಣೆಗಳು, ಗಂಟೆ ಹೊಡೆದಾಗ ಒಂದರೊಳಗೆ ಹೋಗುವುದು, ಮತ್ತೆ ಹೊಡೆದಾಗ ಹೊರಬಂದು ಮುಂದಿನದಕ್ಕೆ. ಒಂದರಲ್ಲಿ ಲೆಕ್ಕ, ಒಂದರಲ್ಲಿ ಧರ್ಮಸಂಕಟದ ಪ್ರಶ್ನೆ, ಇನ್ನೊಂದರಲ್ಲಿ ರೋಗಿಯ ಪಾತ್ರ ಮಾಡುವವರು. ನಡುವೆ ಒಂದು ಕೋಣೆ ವಿಶ್ರಾಂತಿಗೆ. ಗಂಡ ಮನೆಯಲ್ಲಿ ಅಭ್ಯಾಸ ಮಾಡಿಸಿದ. ಅಡುಗೆಮನೆ ಒಂದನೆಯ ಕೋಣೆ, ಬಚ್ಚಲು ಎರಡನೆಯದು, ಕುಕ್ಕರ್ ಸೀಟಿ ಹೊಡೆದರೆ ಸ್ಥಳ ಬದಲು. ಸೋಫಾದ ಮೇಲೆ ಅವನು ರೋಗಿಯಾಗಿ ಮಲಗಿದ ಮತ್ತು ನಿಜವಾಗಿಯೂ ನಿದ್ದೆ ಹೋದ.

ವಾಟ್ಸಾಪ್ ಗುಂಪಿನಲ್ಲಿ ಗಾಳಿಮಾತಿಗೆ ಬರವಿರಲಿಲ್ಲ. ಎಡಗಾಲಿಟ್ಟು ಒಳಗೆ ಹೋದರೆ ನೋಡುತ್ತಾರೆ ಎನ್ನುವುದೊಂದು ಬಿಟ್ಟು ಮಿಕ್ಕೆಲ್ಲ ಬಂತು. ಅವುಗಳಲ್ಲಿ ನನ್ನ ತಲೆಯೊಳಗೆ ಮೊಳೆ ಹೊಡೆದಂತೆ ಕೂತದ್ದು ಇದು: ವಿಶ್ರಾಂತಿ ಕೋಣೆ ಎಂಬುದು ಸುಳ್ಳು. ನಿಜವಾದ ಪರೀಕ್ಷೆ ನಡೆಯುವುದೇ ಅಲ್ಲಿ. ಯಾರೂ ನೋಡುತ್ತಿಲ್ಲ ಎಂದುಕೊಂಡಾಗ ನೀವು ಹೇಗಿರುತ್ತೀರಿ ಎಂದು ನೋಡುತ್ತಾರೆ. ಬರೆದವರು ಯಾರು, ಅವರಿಗೆ ಹೇಳಿದವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ನಾನಂತೂ ಕೇಳಲಿಲ್ಲ.

ಆ ದಿನ ಮೊದಲೆರಡು ಕೋಣೆಗಳು ಹೇಗೋ ದಾಟಿದವು. ಗಂಟೆ ಹೊಡೆಯಿತು. ಮುಂದಿನ ಬಾಗಿಲ ಮೇಲೆ ವಿಶ್ರಾಂತಿ ಎಂದು ದೊಡ್ಡ ಅಕ್ಷರದಲ್ಲಿ ಇತ್ತು.

ಒಳಗೆ ಒಂದು ಮೇಜು, ಎರಡು ಕುರ್ಚಿ, ಒಂದು ತಟ್ಟೆ ಖರ್ಜೂರ, ಒಂದು ನೀರಿನ ಬಾಟಲಿ. ಒಂದು ಕುರ್ಚಿಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಥರ್ಮಾಸಿನ ಮುಚ್ಚಳದಲ್ಲಿ ಚಹಾ ಸುರಿದುಕೊಳ್ಳುತ್ತಿದ್ದರು. ನೋಡಿದೊಡನೆ ಗೊತ್ತಾಯಿತು, ಇವರೇ ರೋಗಿ. ಎಷ್ಟು ಸಹಜವಾಗಿ ನಟಿಸುತ್ತಿದ್ದಾರೆ ಎಂದು ಮನಸ್ಸಿನಲ್ಲೇ ಮೆಚ್ಚಿದೆ. ನೀರು ಮುಟ್ಟಲಿಲ್ಲ, ಎದುರಿಗೆ ರೋಗಿ ಕೂತಿರುವಾಗ ತಾನು ನೀರು ಕುಡಿಯುವ ಫಾರ್ಮಸಿಸ್ಟಿಗೆ ಎಷ್ಟು ಅಂಕ ಕಳೆಯುತ್ತಾರೋ. ನೆಟ್ಟಗೆ ಕೂತು, ಇಂಗ್ಲಿಷಿನಲ್ಲಿ ನನ್ನ ಪರಿಚಯ ಹೇಳಿ, ನೀವು ಯಾವ ಯಾವ ಔಷಧ ತೆಗೆದುಕೊಳ್ಳುತ್ತೀರಿ ಎಂದು ಕೇಳಿದೆ.

ಆಕೆ ನನ್ನನ್ನು ಒಂದು ಕ್ಷಣ ನೋಡಿದರು. ಚಹಾ ಕೆಳಗಿಟ್ಟರು. ಬಿಪಿಗೆ ಒಂದು ಮಾತ್ರೆ, ಕಾಲು ಊದುವುದಕ್ಕೆ ಮೂತ್ರ ಹೋಗುವ ಮಾತ್ರೆ, ಮಂಡಿನೋವಿಗೆ ಅಂಗಡಿಯಿಂದ ತಂದ ನೋವಿನ ಮಾತ್ರೆ ದಿನಕ್ಕೆ ಎರಡು ಸಲ, ಕೆಲವೊಮ್ಮೆ ಮೂರು ಎಂದರು. ನನಗೆ ನಿಧಿ ಸಿಕ್ಕಷ್ಟು ಸಂತೋಷ. ಬಿಪಿ ಮತ್ತು ಮೂತ್ರದ ಮಾತ್ರೆಗಳ ಮೇಲೆ ನೋವಿನ ಮಾತ್ರೆ ಬಿದ್ದರೆ ಕಿಡ್ನಿಗೆ ಆಪತ್ತು. ಫಾರ್ಮಸಿ ಓದಿದವರೆಲ್ಲ ಕಣ್ಣು ಮುಚ್ಚಿ ಹೇಳುವ ಪಾಠ. ನಾನು ಕಣ್ಣು ತೆರೆದೇ ಹೇಳಿದೆ. ಕಿಡ್ನಿ ಹೇಗೆ ಕೆಲಸ ಮಾಡುತ್ತದೆ ಎಂದು ಮೇಜಿನ ಮೇಲೆ ಖರ್ಜೂರ ಜೋಡಿಸಿ ತೋರಿಸಿದೆ. ರಕ್ತಪರೀಕ್ಷೆ, ಉಪ್ಪು, ಮಂಡಿಯ ವ್ಯಾಯಾಮ, ಬಿಸಿನೀರಿನ ಶಾಖ. ಎರಡು ಸಲ ಆಕೆ ಏನೋ ಹೇಳಲು ಬಾಯಿ ತೆರೆದರು. ಎರಡು ಸಲವೂ ಅವರ ಮಾತನ್ನು ನಾನೇ ಮುಗಿಸಿದೆ. ಗಂಟೆ ಹೊಡೆದಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ನೀರು ಕುಡಿಯದೆ ಗೆದ್ದವಳಂತೆ ಎದ್ದು ಹೊರಟೆ.

ಮುಂದಿನ ಕೋಣೆಯಲ್ಲಿ ಪರೀಕ್ಷಕರೊಬ್ಬರು ಮೂಲೆಯಲ್ಲಿ ಕೂತಿದ್ದರು. ಎದುರಿಗೆ ಒಬ್ಬಾತ ಕೆಂಡವಾಗಿದ್ದ. ತಾಯಿಯನ್ನು ಇವತ್ತು ಮನೆಗೆ ಕಳಿಸುತ್ತಾರೆ, ಔಷಧಕ್ಕಾಗಿ ಕಾದು ಕಾದು ಸಾಕಾಯಿತು, ನಿಮಗೆಲ್ಲ ಮನುಷ್ಯತ್ವ ಇಲ್ಲವೇ ಎಂದು ಶುರುಮಾಡಿದ. ಸಮಾಧಾನ ಮಾಡಲು ನನ್ನ ಹತ್ತಿರ ವಾಕ್ಯಗಳು ಸಿದ್ಧವಾಗಿದ್ದವು. ಬಾಯಿ ತೆರೆದರೆ ಸ್ವರವೇ ಹೊರಡಲಿಲ್ಲ, ಬಾಗಿಲು ಕಿರುಗುಟ್ಟಿದಂಥ ಒಂದು ಸದ್ದು ಬಂತು. ಮತ್ತೆ ಪ್ರಯತ್ನಿಸಿದೆ, ಕೆಮ್ಮು ಬಂತು. ತಲೆಯಾಡಿಸುತ್ತಾ ಕೂತೆ, ಬೇರೆ ದಾರಿಯಿರಲಿಲ್ಲ. ಆತ ಕೂಗಿದ, ಇನ್ನೂ ಕೂಗಿದ, ಆಮೇಲೆ ಕೂಗಲು ಏನೂ ಉಳಿಯದೆ ಸುಮ್ಮನಾದ. ಸ್ವಲ್ಪ ಹೊತ್ತಿನ ಮೇಲೆ ತಗ್ಗಿದ ದನಿಯಲ್ಲಿ, ತಾಯಿಗೆ ಇನ್ನು ಮೇಲೆ ಇನ್ಸುಲಿನ್ ಸೂಜಿ ತಾನೇ ಚುಚ್ಚಬೇಕಂತೆ, ತನ್ನ ಕೈ ನಡುಗುತ್ತದೆ ಎಂದ. ನಾನು ಗೊಗ್ಗರು ದನಿಯಲ್ಲಿ, ಜೊತೆಗೆ ಕೂತು ಕಲಿಯೋಣ ಎಂದಷ್ಟೇ ಹೇಳಿದೆ. ಗಂಟೆ ಹೊಡೆಯಿತು. ಈ ಕೋಣೆಯಲ್ಲಿ ಸೊನ್ನೆ ಖಂಡಿತ ಎಂದುಕೊಂಡು ಹೊರಬಂದೆ.

ಎಲ್ಲ ಮುಗಿದ ಮೇಲೆ ಆಸ್ಪತ್ರೆಯ ಹೊರಗೆ ನೆರಳಿನಲ್ಲಿ ಗಂಡನ ಕಾರಿಗೆ ಕಾಯುತ್ತಿದ್ದೆ. ಥರ್ಮಾಸಿನ ಹೆಂಗಸು ಫೋನಿನಲ್ಲಿ ಯಾರಿಗೋ ಸಂಜೆಗೆ ಮೀನಿನ ಸಾರು ಬಿಸಿ ಮಾಡಿಡಲು ತುಳುವಿನಲ್ಲಿ ಹೇಳುತ್ತಾ ಹೊರಗೆ ಬಂದರು. ನಮ್ಮ ಕಡೆಯವರು! ನಾನು ಓಡಿಹೋಗಿ ಕನ್ನಡದಲ್ಲಿ ಮಾತಾಡಿಸಿ, ಆಂಟಿ, ನಿಮ್ಮ ಪಾತ್ರ ಬಹಳ ಚೆನ್ನಾಗಿತ್ತು ಎಂದೆ.

“ಯಾವ ಪಾತ್ರ? ನನ್ನ ಪಾತ್ರ ಆಚೆ ಕೋಣೆಯಲ್ಲಿ, ಮಧ್ಯಾಹ್ನದ ಬ್ಯಾಚಿಗೆ,” ಎಂದರು ಆಕೆ. “ನಾನು ಅಲ್ಲಿ ಕೂತದ್ದು ಚಾ ಕುಡೀಲಿಕ್ಕೆ ಮಾರಾಯ್ತಿ.”

ನನ್ನ ಮುಖ ಏನಾಯಿತೋ, ಅವರು ನನ್ನ ಕೈ ಹಿಡಿದುಕೊಂಡರು.

“ನೀನು ಬಂದು ಅಷ್ಟು ಗಂಭೀರವಾಗಿ ಕೇಳಿದಿ. ರೆಸ್ಟ್ ರೂಮು ಇದು ಅಂತ ಹೇಳಿದ್ರೆ ನೀನು ಅಲ್ಲೇ ಅಳ್ತೀಯೋ ಅಂತ ಕಂಡಿತು. ಪರೀಕ್ಷೆಯ ಕಾಯಿಲೆ ಹೇಳ್ಲಿಕ್ಕೆ ಆಗ್ತದಾ, ಯಾರಿಗೂ ಹೇಳುದಿಲ್ಲ ಅಂತ ನಾನು ಸೈನ್ ಮಾಡಿದ್ದೇನೆ. ಅದಕ್ಕೆ ನನ್ನ ಅತ್ತೆಯ ಕಾಯಿಲೆ ಹೇಳಿದೆ.”

ಹಾಗಾದರೆ ಮಾತ್ರೆಗಳು ನಿಜ. ಅತ್ತೆ ಊರಿನಲ್ಲಿ ನಿಜವಾಗಿಯೂ ಅವನ್ನೆಲ್ಲ ನುಂಗುತ್ತಿದ್ದರು. ಆಂಟಿ ಆಗಲೇ ಅವರಿಗೆ ಫೋನ್ ಮಾಡಿ, ಇಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಹೀಗೆ ಹೇಳಿದರು, ಆ ನೋವಿನ ಮಾತ್ರೆ ಸಾಕು ಎಂದಿದ್ದರಂತೆ. ಆ ಹುಡುಗಿಗೆ ಮಂಡಿ ನೋವು ಬಂದಿದೆಯೋ ಕೇಳು ಎಂದು ಅತ್ತೆ ಫೋನ್ ಇಟ್ಟರಂತೆ. ಆಂಟಿ ನಕ್ಕರು. ನಾನೂ ನಗಲು ನೋಡಿದೆ. ಕಾರು ಬಂತು. ದಾರಿಯುದ್ದಕ್ಕೂ ಹೊರಗೆ ನೋಡುತ್ತಾ ಕೂತೆ. ಎಲ್ಲ ಶಕ್ತಿಯನ್ನೂ ಅಂಕವಿಲ್ಲದ ಕೋಣೆಯಲ್ಲಿ ಸುರಿದು, ಅಂಕವಿದ್ದ ಕೋಣೆಯಲ್ಲಿ ಮೂಕಿಯಂತೆ ಕೂತು ಬಂದಿದ್ದೆ. ನನ್ನಂಥ ಪೆದ್ದಿಗೆ ಸೀಟು ಕೊಟ್ಟರೆ ಆಸ್ಪತ್ರೆಗೇ ಅವಮಾನ ಎಂದು ಅನ್ನಿಸಿತು. ಮರುದಿನವೇ ಯಜಮಾನರಿಗೆ ಉಮ್ಮ್ ಸಲಾಲಿನ ಶಾಖೆ ನೋಡಿಕೊಳ್ಳುತ್ತೇನೆ ಎಂದು ಹೇಳಲು ಹೊರಟೆ. ಅವರು ಒಳ್ಳೆಯವರು, ಫಲಿತಾಂಶ ಬರಲಿ, ಅವಸರ ಏನು ಎಂದರು.

ಫಲಿತಾಂಶ ಬಂತು. ವಿಷಾದಿಸುತ್ತೇವೆ ಎಂಬ ಪದವನ್ನು ಹುಡುಕುತ್ತಾ ಈಮೇಲನ್ನು ಮೇಲಿಂದ ಕೆಳಗೆ ಓದಿದೆ, ಸಿಗಲಿಲ್ಲ. ಗಂಡನ ಕೈಗೆ ಕೊಟ್ಟೆ. ಅವನು ಗೋದಾಮಿಗೆ ಬಂದ ಸರಕನ್ನು ನೋಡುವ ಹಾಗೆ ಎರಡೆರಡು ಸಲ ನೋಡಿ, ಸೀಟು ಸಿಕ್ಕಿದೆ ಕಣೇ ಎಂದ. ನಾನು ಜೋರಾಗಿ ಅತ್ತೆ. ಯಜಮಾನರಿಗೆ ಫೋನ್ ಮಾಡಿದರೆ, ಅವರು, ಅಂಗಡಿಗೆ ನಷ್ಟ, ನನಗೆ ಸಂತೋಷ ಎಂದರು.

ತರಬೇತಿ ಶುರುವಾದ ಮೇಲೆ ನಮ್ಮ ನಿರ್ದೇಶಕಿ ಒಬ್ಬೊಬ್ಬರನ್ನೇ ಕರೆದು ಇಂಟರ್‌ವ್ಯೂ ಹೇಗಿತ್ತೆಂದು ಹೇಳಿದರು. ಲೆಕ್ಕ ಸಾಧಾರಣ, ಧರ್ಮಸಂಕಟದಲ್ಲಿ ಮಾತು ಜಾಸ್ತಿ. ಆದರೆ ಆ ಸಿಟ್ಟಿನ ಮನುಷ್ಯನ ಕೋಣೆಯಲ್ಲಿ ನಿನ್ನಷ್ಟು ಚೆನ್ನಾಗಿ ಮಾಡಿದವರು ಇಲ್ಲ ಎಂದರು. ಇನ್ಸುಲಿನ್ ಸೂಜಿಯ ಭಯವನ್ನು, ಎದುರಿನವರು ಕೊನೆಯವರೆಗೆ ಸುಮ್ಮನೆ ಕೇಳಿದರೆ ಮಾತ್ರ ಹೇಳಬೇಕೆಂದು ಆತನಿಗೆ ಹೇಳಿಕೊಟ್ಟಿದ್ದರಂತೆ. ಹೆಚ್ಚಿನವರು ಸಮಾಧಾನ ಹೇಳುವ ಭರದಲ್ಲಿ ಅಲ್ಲಿಗೆ ಮುಟ್ಟಲೇ ಇಲ್ಲವಂತೆ. ಇಷ್ಟು ತಾಳ್ಮೆಯಿಂದ ಕೇಳುವುದನ್ನು ಎಲ್ಲಿ ಕಲಿತೆ ಎಂದು ಕೇಳಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ನಿಜ ಹೇಳಲು ಆಗಲೂ ಬಾಯಿ ಒಣಗಿತ್ತು.

ಮರುವರ್ಷದ ಇಂಟರ್‌ವ್ಯೂ ದಿನ ರೆಸಿಡೆಂಟರಾದ ನಮಗೆಲ್ಲ ಒಂದೊಂದು ಕೆಲಸ ಹಂಚಿದರು. ನನ್ನ ಪಾಲಿಗೆ ಬಂದದ್ದು ವಿಶ್ರಾಂತಿ ಕೋಣೆ. ಯಾರೂ ಫೋನ್ ತೆಗೆಯದಂತೆ ನೋಡಿಕೊಳ್ಳುವುದು, ಖರ್ಜೂರ ನೀರು ಇಡುವುದು, ಅಷ್ಟೇ. ಅಭ್ಯರ್ಥಿಗಳ ಕಷ್ಟ ನನಗಿಂತ ಚೆನ್ನಾಗಿ ಬಲ್ಲವರಾರು? ಬಾಗಿಲ ಮೇಲಿನ ವಿಶ್ರಾಂತಿ ಎಂಬ ಪದದ ಕೆಳಗೆ ಇನ್ನೊಂದು ಹಾಳೆ ಅಂಟಿಸಿದೆ: ನಿಜವಾಗಿಯೂ ವಿಶ್ರಾಂತಿ, ಯಾರೂ ನೋಡುತ್ತಿಲ್ಲ. ಅದನ್ನು ಓದಿದ ಮೇಲೆ ಒಳಗೆ ಬಂದವರ ಮುಖ ಇನ್ನಷ್ಟು ಬಿಳುಚಿಕೊಂಡಿತು. ಒಬ್ಬ ಗೋಡೆಯಲ್ಲಿ ಕ್ಯಾಮೆರಾ ಹುಡುಕಿದ. ಒಬ್ಬಳು ನನ್ನ ಮೇಜನ್ನು ಟಿಶ್ಯೂ ತೆಗೆದು ಒರೆಸಿದಳು.

ಮಧ್ಯಾಹ್ನದ ಹೊತ್ತಿಗೆ ನನ್ನದೇ ವಯಸ್ಸಿನ ಒಬ್ಬಳು ಬಂದಳು. ಬೆರಳ ತುದಿಯಲ್ಲಿ ಮಾರ್ಕರ್ ಪೆನ್ನಿನ ಕಪ್ಪು ಕಲೆ. ಮಾತ್ರೆಯ ಡಬ್ಬಿಗಳ ಮೇಲೆ ಬರೆದು ಬರೆದು ಆಗುವ ಆ ಕಲೆ ನನಗೆ ಚೆನ್ನಾಗಿ ಗೊತ್ತು, ಅಂಗಡಿಯವಳು. ಇದು ಅವಳಿಗೆ ಎಷ್ಟನೆಯ ಸಲವೋ. ನಾನು ಬಾಯಿ ತೆರೆದು, ಇಲ್ಲಿ ಪರೀಕ್ಷೆ ಇಲ್ಲ, ಆರಾಮಾಗಿ ಕೂತುಕೊಳ್ಳಿ ಎನ್ನುವಷ್ಟರಲ್ಲಿ ಅವಳೇ ನನ್ನ ಮಾತನ್ನು ಮುಗಿಸಿ, ಗೊತ್ತು ಗೊತ್ತು ಎಂದು ನಕ್ಕು, ಕುರ್ಚಿಯ ಅಂಚಿನಲ್ಲಿ ನೆಟ್ಟಗೆ ಕೂತು, ನಿಮಗೆ ಏನು ತೊಂದರೆ ಎಂದು ಕೇಳಿದಳು.

ಅವಳ ಮುಂದಿನ ಕೋಣೆಯಲ್ಲಿ ಆ ವರ್ಷವೂ ಸಿಟ್ಟಿನ ಮನುಷ್ಯನೇ ಇದ್ದ. ಅದನ್ನು ನಾನು ಹೇಳುವಂತಿಲ್ಲ, ನಾನೂ ಸೈನ್ ಮಾಡಿದ್ದೆ. ಎರಡು ವಾರದಿಂದ ನಿದ್ದೆ ಬರುತ್ತಿಲ್ಲ ಎಂದೆ. ಅದು ನಿಜವೇ ಆಗಿತ್ತು. ಅವಳ ಕಣ್ಣು ಹೊಳೆಯಿತು. ಕಾಫಿ ಎಷ್ಟು, ಫೋನ್ ಎಷ್ಟು, ಪಾಳಿ ಯಾವುದು ಎಂದು ಶುರುಮಾಡಿ ಉಸಿರು ಬಿಡದೆ ಮಾತಾಡತೊಡಗಿದಳು. ನಡುವೆ ಅವಳ ಕೈ ನೀರಿನ ಬಾಟಲಿಯ ಕಡೆಗೆ ಚಾಚಿತು. ನಾನು ಬಾಟಲಿಯನ್ನು ಮೆಲ್ಲಗೆ ನನ್ನ ಕಡೆಗೆ ಎಳೆದುಕೊಂಡೆ.